ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ: ಟಿಕೆಟ್ ತೋರಿಸುವ ಗಂಟೆಯನ್ನು ನಂಬಬೇಡಿ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅತಿ ಹತ್ತಿರದ ದಾರಿ ಹಿಡಿದರೂ ಸುಮಾರು 14,000 ಕಿ.ಮೀ. ಎಲ್ಲೂ ಇಳಿಯದೆ ಹಾರಿದರೆ 16–17 ಗಂಟೆ. ಕಳೆದ ಜೂನ್‌ನಲ್ಲಿ ಅಮ್ಮನನ್ನು ಕರೆದುಕೊಂಡು ನಾನು ಹೋಗಿದ್ದು ಫ್ರಾಂಕ್‌ಫರ್ಟ್ ಮೇಲೆ. ಅಲ್ಲಿಗೆ 7,400 ಕಿ.ಮೀ., ಅಲ್ಲಿಂದ ಮುಂದಕ್ಕೆ 9,100 ಚಿಲ್ಲರೆ. ಎರಡೂವರೆ ಸಾವಿರ ಕಿ.ಮೀ. ಸುತ್ತು. ಆದರೂ ಅಮ್ಮನ ಮಂಡಿನೋವಿಗೆ ನಡುವೆ ಇಳಿದು ಕಾಲು ಚಾಚಿದ್ದೇ ಒಳ್ಳೆಯದಾಯಿತು.

ವಿಮಾನ ಮಂಗಳವಾರ ಬೆಳಗಿನ ಜಾವ 3ಕ್ಕೆ. ಹಾಗಂದ್ರೆ ಮನೆ ಬಿಡಬೇಕಾದ್ದು ಸೋಮವಾರ! ಟಿಕೆಟ್ ಮೇಲಿನ ತಾರೀಖು ನೋಡಿ ಮಂಗಳವಾರ ರಾತ್ರಿ ಏರ್‌ಪೋರ್ಟಿಗೆ ಹೋದವರೂ ಇದ್ದಾರೆ. ನಾವು ಮೈಸೂರಿನಿಂದ ಸಂಜೆ 6ಕ್ಕೇ ಫ್ಲೈಬಸ್ ಹತ್ತಿದೆವು.

ಸೆಕ್ಯುರಿಟಿಯಲ್ಲಿ ಅಮ್ಮನ ಕೈಚೀಲದಿಂದ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ ಹೊರಬಂತು. ಬಟ್ಟೆ ಸುತ್ತಿ, ದಾರ ಕಟ್ಟಿ, ಮೇಲೊಂದು ಪ್ಲಾಸ್ಟಿಕ್ ಕವರ್. ಬಿಚ್ಚಿದ್ದೇ ತಡ, ಇಂಗಿನ ಘಮ ಸಾಲಿನುದ್ದಕ್ಕೂ. ಅಲ್ಲೇ ಬಿಟ್ಟು ಬಂದೆವು. ತಪ್ಪು ನಮ್ಮದೇ. ಇಂಥದ್ದನ್ನೆಲ್ಲ ಚೆಕ್-ಇನ್ ಲಗೇಜಿನಲ್ಲಿ ಹಾಕಿ, ಅಮೆರಿಕದಲ್ಲಿ ಇಳಿದಾಗ ತಿಂಡಿ ಇದೆ ಅಂತ ಸುಮ್ನೆ ಹೇಳಿಬಿಡಿ. ಹಸಿ ಹಣ್ಣು, ಕರಿಬೇವು ಮಾತ್ರ ಬೇಡವೇ ಬೇಡ.

ಫ್ರಾಂಕ್‌ಫರ್ಟಿಗೆ 10 ಗಂಟೆ, ಅಲ್ಲಿ ನಾಲ್ಕೂವರೆ ಗಂಟೆ ಕಾಯುವುದು, ಆಮೇಲೆ ಹನ್ನೊಂದೂವರೆ. ಕಾಯುವ ಹೊತ್ತು ಜಾಸ್ತಿ ಅನ್ನಿಸಬಹುದು. ಆದರೆ ಅಲ್ಲಿ ಮತ್ತೆ ತಪಾಸಣೆ, ಉದ್ದುದ್ದ ನಡಿಗೆ. ವಯಸ್ಸಾದವರು ಜೊತೆಗಿದ್ದರೆ ಮೂರು ಗಂಟೆಗಿಂತ ಕಡಿಮೆ ಇರುವ ಟಿಕೆಟ್ ಅಗ್ಗಕ್ಕೆ ಸಿಕ್ಕರೂ ತಗೋಬೇಡಿ. ವೀಲ್‌ಚೇರ್ ಬೇಕೆಂದು ಬುಕ್ ಮಾಡುವಾಗಲೇ ಹೇಳಿ. ಏಷ್ಯನ್ ವೆಜಿಟೇರಿಯನ್ ಊಟವನ್ನೂ ಮೊದಲೇ ನಮೂದಿಸಿ. ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿರಲಿ, ಮೊದಲನೆಯದು ತಡವಾದರೆ ಮುಂದಿನ ವಿಮಾನದ ಚಿಂತೆ ನಿಮ್ಮ ತಲೆಗೆ ಬರುವುದಿಲ್ಲ.

ಎರಡನೇ ವಿಮಾನದಲ್ಲಿ ಕಿಟಕಿ ಸೀಟು ಸಿಕ್ಕಿತ್ತು. ಕೆಳಗೆ ಗ್ರೀನ್‌ಲ್ಯಾಂಡಿನ ಬಿಳಿ. ಅಮೆರಿಕಕ್ಕೆ ಪಶ್ಚಿಮಕ್ಕಲ್ವಾ ಹೋಗಬೇಕು, ಇಷ್ಟು ಉತ್ತರಕ್ಕೆ ಯಾಕೆ ಬಂದ ಇವನು ಅಂತ ಅಮ್ಮ. ಭೂಮಿ ಗುಂಡಗಿರೋದ್ರಿಂದ ಇದೇ ಹತ್ತಿರದ ದಾರಿ ಅಂದೆ. ಅವಳಿಗೆ ಸಮಾಧಾನವಾಗಲಿಲ್ಲ.

ಇಳಿದಾಗ ಅಲ್ಲಿಯ ಗಡಿಯಾರದಲ್ಲಿ ಮಂಗಳವಾರ ಸಂಜೆ ನಾಲ್ಕೂವರೆ. 3ರಿಂದ ನಾಲ್ಕೂವರೆಗೆ ಹದಿಮೂರೂವರೆ ಗಂಟೆ ಅಂತ ಅಮ್ಮ ಬೆರಳು ಮಡಚಿ ಎಣಿಸಿದಳು. ಬೇಸಿಗೆಯಲ್ಲಿ ಅಲ್ಲಿಯ ಗಡಿಯಾರ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಅಂದರೆ ನಿಜಕ್ಕೂ ಕಳೆದಿದ್ದು 26 ಗಂಟೆ. ಇಮಿಗ್ರೇಷನ್ ಸಾಲು ಮುಗಿಸಿ ಫ್ರೀಮಾಂಟಿನ ತಂಗಿಯ ಮನೆ ಸೇರಿದಾಗ 7. ಮೈಸೂರು ಬಿಟ್ಟು ಮೂವತ್ತೇಳೂವರೆ ಗಂಟೆ!

ವಾಪಸ್ ಬರುವಾಗ ಗಾಳಿ ಬೆನ್ನ ಹಿಂದಿರುತ್ತದೆ, ಫ್ರಾಂಕ್‌ಫರ್ಟಿಗೆ ಮುಕ್ಕಾಲು ಗಂಟೆ ಬೇಗ ಬಂದೆವು. ಆದರೆ ಸೋಮವಾರ ಮಧ್ಯಾಹ್ನ ಹೊರಟವರು ಬೆಂಗಳೂರಲ್ಲಿ ಇಳಿದಿದ್ದು ಬುಧವಾರ ನಸುಕಿನಲ್ಲಿ. ನಾನು ಬುಧವಾರಕ್ಕೂ ರಜೆ ಹಾಕಿರಲಿಲ್ಲ. ನೀವು ಗುರುವಾರಕ್ಕೂ ಸೇರಿಸಿ ಹಾಕಿ.