ಲೈಟ್‌ಹೌಸ್‌ನಲ್ಲಿ 100, ಸ್ಪೀಕರ್‌ನಲ್ಲಿ ಸದ್ದೇ ಇಲ್ಲ

ಉಡುಪಿಯ ಸಹಕಾರಿ ಸಂಘವೊಂದರ ಠೇವಣಿ ಅರ್ಜಿಯ ಪುಟ. ಕ್ರೋಮ್‌ನ ಪುಟ ಪರೀಕ್ಷಾ ಸಾಧನ ಲೈಟ್‌ಹೌಸ್ ಕೊಟ್ಟ ಅಕ್ಸೆಸಿಬಿಲಿಟಿ (ಅಂಗವಿಕಲರೂ ಬಳಸಬಲ್ಲರೇ ಎಂಬ) ಸ್ಕೋರ್ 100. ಸ್ಕ್ರೀನ್‌ಶಾಟ್ ಅಂಟಿಸಿ ಟಿಕೆಟ್ ಕ್ಲೋಸ್ ಮಾಡಿದ್ದೆವು. ಡೆಮೊ ದಿನ ಸಂಘದ ದೃಷ್ಟಿಹೀನ ಸಿಬ್ಬಂದಿಯೊಬ್ಬರು ಎನ್‌ವಿಡಿಎ (ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್) ಹಾಕಿಕೊಂಡು ಅರ್ಜಿ ತುಂಬಿದರು. ಮೊಬೈಲ್ ಸಂಖ್ಯೆಯಲ್ಲಿ ಒಂದು ಅಂಕೆ ಬಿಟ್ಟುಹೋಗಿತ್ತು. ಎಂಟರ್ ಒತ್ತಿದರು, ಪರದೆ ಮೇಲೆ ಕೆಂಪು ಸಾಲು ಬಂತು, ಸದ್ದಿಲ್ಲ. ಮತ್ತೆ ಎಂಟರ್. ಮತ್ತೊಮ್ಮೆ. "ಹೋಯ್ತಾ ಇಲ್ವಾ? ಎಂತ ಹೇಳುದಿಲ್ಲ ಮಾರಾಯ್ರೆ ಇದು" ಎಂದರು. ಆ ಕೆಂಪು ಸಾಲು ಕೋಣೆಯಲ್ಲಿದ್ದ ಎಲ್ಲರಿಗೂ ಕಾಣುತ್ತಿತ್ತು, ಅರ್ಜಿ ತುಂಬುತ್ತಿದ್ದವರೊಬ್ಬರನ್ನು ಬಿಟ್ಟು.

ಸ್ಕೋರನ್ನೇ ಪರೀಕ್ಷೆ ಅಂದುಕೊಂಡದ್ದು ನಮ್ಮ ತಪ್ಪು. ಲೈಟ್‌ಹೌಸ್ ಮಾಮೂಲಿ ನ್ಯಾವಿಗೇಶನ್ ಮೋಡ್‌ನಲ್ಲಿ ಪುಟವನ್ನು ಹೊಸದಾಗಿ ಲೋಡ್ ಮಾಡಿ ಅಷ್ಟನ್ನೇ ನೋಡುತ್ತದೆ. ತಪ್ಪು ತುಂಬಿದ ಮೇಲೆ ಹುಟ್ಟುವ ಸಾಲು ಅದರ ಕಣ್ಣಿಗೇ ಬೀಳುವುದಿಲ್ಲ. ಸ್ನ್ಯಾಪ್‌ಶಾಟ್ ಮೋಡ್‌ನಲ್ಲಿ ಆ ಸ್ಥಿತಿಯನ್ನು ಹಿಡಿಯಬಹುದು. ಆದರೆ ಸ್ಕ್ರೀನ್ ರೀಡರ್ ಆ ಕ್ಷಣ ಅದನ್ನು ಓದುತ್ತದೋ ಇಲ್ಲವೋ ಎಂದು ಹೇಳುವ ಆಡಿಟ್ ಅಲ್ಲಿಲ್ಲ. ಪುಟದ ಭಾಷೆ ಯಾವುದೆಂದು ಹೇಳುವ ಎಚ್‌ಟಿಎಂಎಲ್ ಗುರುತು 'ಲ್ಯಾಂಗ್' ವಿಷಯವೂ ಹಾಗೆಯೇ. ಟೆಂಪ್ಲೇಟ್‌ನ 'ಇಎನ್' (ಇಂಗ್ಲಿಷ್) ಹಾಗೇ ಉಳಿದ ಕನ್ನಡ ಪುಟವೂ ಪಾಸ್, ಏಕೆಂದರೆ ಕೋಡ್ ಸಿಂಧುವೇ ಎಂದು ನೋಡುತ್ತದೆ, ಪುಟದ ಭಾಷೆಗೆ ಹೊಂದುತ್ತದೆಯೇ ಎಂದಲ್ಲ. ಎನ್‌ವಿಡಿಎ ಆ 'ಇಎನ್' ನಂಬಿ ಇಂಗ್ಲಿಷ್ ದನಿಗೆ ಹೊರಳುತ್ತದೆ. 'ಕೆಎನ್' (ಕನ್ನಡ) ಇದ್ದರೆ ಅದರ ಜೊತೆಗೇ ಬರುವ ದನಿ ಇಸ್ಪೀಕ್ ಕನ್ನಡದಲ್ಲೇ ಓದುತ್ತದೆ.

ಮೊದಲ ರಿಪೇರಿಯೂ ಅರ್ಧಂಬರ್ಧ. ತಪ್ಪು ಬಂದಾಗ ಏರಿಯಾ-ಲೈವ್ (aria-live, ಒಳಗಿನ ಪಠ್ಯ ಬದಲಾದರೆ ಓದು ಎಂದು ಸ್ಕ್ರೀನ್ ರೀಡರ್‌ಗೆ ಹೇಳುವ ಗುರುತು) 'ಪೊಲೈಟ್' ಇರುವ ಡಿವ್, ಅಂದರೆ ಪುಟದ ಒಂದು ಪೆಟ್ಟಿಗೆಯನ್ನೂ ಅದರೊಳಗಿನ ಪಠ್ಯವನ್ನೂ ಒಟ್ಟಿಗೇ ಡಾಮ್‌ಗೆ (ಬ್ರೌಸರ್ ಇಟ್ಟುಕೊಳ್ಳುವ ಪುಟದ ರಚನೆಗೆ) ಸೇರಿಸಿದೆವು. ಒಮ್ಮೆ ಓದಿತು, ಇನ್ನೊಮ್ಮೆ ಇಲ್ಲ. ಆ ಡಿವ್ ಖಾಲಿಯಾಗಿ ಪುಟ ಲೋಡ್ ಆಗುವಾಗಲೇ ಇರಬೇಕು, ಡಿಸ್‌ಪ್ಲೇ-ನನ್ ಹಾಕಿ ಅಡಗಿಸಿರಬಾರದು. ಆಮೇಲೆ ಪಠ್ಯ ತುಂಬಬೇಕು. ಜೊತೆಗೆ ಇನ್‌ಪುಟ್‌ಗೆ 'ಇಲ್ಲಿ ತಪ್ಪಿದೆ' ಎನ್ನುವ ಏರಿಯಾ-ಇನ್‌ವ್ಯಾಲಿಡ್, ತಪ್ಪಿನ ಸಾಲಿನ ಐಡಿಯನ್ನು ತೋರಿಸುವ ಏರಿಯಾ-ಡಿಸ್ಕ್ರೈಬ್ಡ್‌ಬೈ, ಮತ್ತು ಫೋಕಸ್ ಮೊದಲ ತಪ್ಪಿನ ಕಡೆಗೆ.

ಈಗ ನಮ್ಮ ಪರೀಕ್ಷೆ ಮೊದಲು ಕೀಬೋರ್ಡ್‌ನಿಂದ ಮಾತ್ರ, ಅದೂ ಎನ್‌ವಿಡಿಎ ಆಫ್ ಮಾಡಿ. ಇದು ಮುಖ್ಯ: ಆನ್‌ಕ್ಲಿಕ್ (ಕ್ಲಿಕ್ ಮಾಡಿದಾಗ ನಡೆಯುವ ಕೋಡ್) ಇರುವ ಬರೀ ಡಿವ್‌ಗೆ ಟ್ಯಾಬ್ ಹೋಗುವುದಿಲ್ಲ, ಆದರೆ ಎನ್‌ವಿಡಿಎ ಬ್ರೌಸ್ ಮೋಡ್‌ನಲ್ಲಿ ಬಾಣದ ಕೀಲಿಯಿಂದ ಅಲ್ಲಿಗೆ ತಲುಪಿ ಎಂಟರ್ ಒತ್ತಬಹುದು, ದೋಷ ಮುಚ್ಚಿಹೋಗುತ್ತದೆ. ಫೈರ್‌ಫಾಕ್ಸ್ ಅಕ್ಸೆಸಿಬಿಲಿಟಿ ಪ್ಯಾನೆಲ್‌ನ 'ಶೋ ಟ್ಯಾಬಿಂಗ್ ಆರ್ಡರ್' ಕ್ರಮವನ್ನು ನಂಬರ್ ಹಾಕಿ ತೋರಿಸುತ್ತದೆ. ಆಮೇಲೆ ಎನ್‌ವಿಡಿಎ. ಆಫೀಸು ಗದ್ದಲವಿದ್ದರೆ ಟೂಲ್ಸ್ ಮೆನುವಿನ ಸ್ಪೀಚ್ ವ್ಯೂವರ್ ತೆರೆದಿಡಿ, ಮಾತೆಲ್ಲ ಅಕ್ಷರದಲ್ಲಿ ಬರುತ್ತದೆ. ಎಲ್ಲಿ ಎಡವಿತೋ ಅಲ್ಲಿ ಕ್ರೋಮ್ ಎಲಿಮೆಂಟ್ಸ್‌ನ ಅಕ್ಸೆಸಿಬಿಲಿಟಿ ಪೇನ್ ತೆರೆದು ನೇಮ್, ರೋಲ್ ನೋಡಿದರೆ ಕಾರಣ ಸಿಗುತ್ತದೆ. ಅಕ್ಷರಕ್ಕೂ ಹಿನ್ನೆಲೆಗೂ ಇರಬೇಕಾದ ಕಾಂಟ್ರಾಸ್ಟ್ 4.5:1 ನೋಡಲು ಕ್ರೋಮ್‌ನ ಕಲರ್ ಪಿಕ್ಕರ್ ಸಾಕು.

ನಮ್ಮ ರಿಲೀಸ್ ಚೆಕ್‌ಲಿಸ್ಟ್‌ನಲ್ಲಿ ಇಂದಿಗೂ ಇರುವುದು ಸ್ಕೋರ್ ಕಾಲಂ ಒಂದೇ. 'ತಪ್ಪು ಸಂಖ್ಯೆ ಹಾಕಿ, ಪರದೆ ಆಫ್ ಮಾಡಿ ಕೇಳಿದಿರಾ?' ಎಂಬ ಇನ್ನೊಂದು ಕಾಲಂ ಬೇಕೆಂದು ಮೂರು ಸ್ಪ್ರಿಂಟ್‌ನಿಂದ (ಕೆಲಸದ ಸುತ್ತಿನಿಂದ) ಕೇಳುತ್ತಿದ್ದೇವೆ.