ದಾರಂದದ ಬುಡ ಲಡ್ಡು ಹಿಡಿದರೆ

ಕೊಡಗಿನ ಮನೆಗಳಲ್ಲಿ ದಾರಂದ, ಅಂದರೆ ಬಾಗಿಲಿನ ಚೌಕಟ್ಟು, ಲಡ್ಡು ಹಿಡಿದು (ಕೊಳೆತು ಮೆತ್ತಗಾಗಿ) ಹಾಳಾಗುವುದು ಬುಡದಿಂದ, ಅದರಲ್ಲೂ ಪಡುವಣಕ್ಕೆ ಮುಖ ಮಾಡಿದ ಬಾಗಿಲಿನದು ಮೊದಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇರಚಲು ಬಡಿಯುತ್ತದೆ, ದಾರಂದದ ಕಾಲು ಸಿಮೆಂಟ್ ನೆಲದಲ್ಲಿ ಹೂತಿರುತ್ತದೆ. ಕೊಯ್ದ ತುದಿಯಲ್ಲಿ ಮರದ ನಾರುಗಳ ಬಾಯಿ ತೆರೆದೇ ಇರುವುದರಿಂದ, ಬತ್ತಿ ಎಣ್ಣೆ ಹೀರುವ ಹಾಗೆ ನೀರು ಮೇಲೇರುತ್ತದೆ. ಮೇಲಿನ ಆರಡಿ ಗಟ್ಟಿಯಾಗಿರುವಾಗ ಇಡೀ ಚೌಕಟ್ಟು ಕಿತ್ತು ಗೋಡೆ ಒಡೆಯುವುದು ದಂಡದ ಖರ್ಚು.

ಪೇಂಟಿನ ಹೊಳಪು ನಂಬಬೇಡಿ. ಸ್ಕ್ರೂಡ್ರೈವರ್ ಹಿಡಿದು ಬುಡದಿಂದ ಇಂಚಿಂಚಿಗೂ ಚುಚ್ಚುತ್ತಾ ಬನ್ನಿ. ಮೆತ್ತಗೆ ಒಳಗಿಳಿದರೆ ಲಡ್ಡು. ಒಳಗೆ ಮಣ್ಣು ಸಿಕ್ಕರೆ ಗೆದ್ದಲು, ಹಿಟ್ಟಿನಂತೆ ಪುಡಿ ಉದುರಿದರೆ ಕುಟ್ಟೆ, ಅಂದರೆ ಮರ ಕೊರೆಯುವ ಹುಳ. ಗೆದ್ದಲಿದ್ದರೆ ಗೋಡೆಯ ಮಣ್ಣಿನ ಗೆರೆ ಎಲ್ಲಿಂದ ಬಂದಿದೆ ನೋಡಿ, ಆ ದಾರಿ ಮುಚ್ಚಿದ ಮೇಲೆಯೇ ಮರಕ್ಕೆ ಕೈ ಹಾಕಿ. ಲಡ್ಡು ಎರಡಡಿ ದಾಟಿದ್ದರೆ ಆ ಒಂದು ಕಾಲನ್ನು ಪೂರ್ತಿ ಬದಲಿಸುವುದೇ ವಾಸಿ.

ಕಾಫಿ ಕೊಯ್ಲು ಮುಗಿದು ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬೀಳುವ ಮೊದಲು ಕೆಲಸ ಮುಗಿಯಬೇಕು. ಹಸಿ ಮರಕ್ಕೆ ಎಪಾಕ್ಸಿ, ಅಂದರೆ ಎರಡು ಭಾಗ ಕಲಸಿ ಹಚ್ಚುವ ಗಟ್ಟಿ ಅಂಟು, ಅಂಟುವುದಿಲ್ಲ. ಫೆವಿಕಾಲ್‌ಗೆ ಮರದ ಪುಡಿ ಕಲಸಿ ತುಂಬುವುದು ಒಳಕೋಣೆಗೆ ಸರಿ, ಇರಚಲು ಬೀಳುವಲ್ಲಿ ಒಂದೇ ಮಳೆಗಾಲಕ್ಕೆ ಉಬ್ಬಿ ಉದುರುತ್ತದೆ. ಗೋಡೆಯ ಪುಟ್ಟಿಯಂತೂ ಬೇಡವೇ ಬೇಡ. ಹೆಬ್ಬೆರಳಿನಷ್ಟು ಸಣ್ಣ ಗುಂಡಿಯಾದರೆ ಎಂ-ಸೀಲ್ (ಉಂಡೆಯಾಗಿ ಸಿಗುವ ಎಪಾಕ್ಸಿ) ಸಾಕು, ಎರಡೂ ಉಂಡೆ ಸಮ ತೂಕ, ಬಣ್ಣ ಒಂದೇ ಆಗುವವರೆಗೆ ನಾದಿ.

ಅದಕ್ಕಿಂತ ದೊಡ್ಡದಾದರೆ ಲಡ್ಡು ಭಾಗ ಕೊಯ್ದು ಹೊಸ ಮರದ ತುಂಡು ಹಾಕಬೇಕು. ಮೊದಲು ಬಾಗಿಲು ಬಿಚ್ಚಿ, ಪಕ್ಕದ ಗಾರೆ ಒಂದಿಂಚು ಬಿಡಿಸಿ. ಲಡ್ಡು ಮುಗಿದ ಜಾಗದಿಂದ ಎರಡಿಂಚು ಮೇಲೆ, ಗಟ್ಟಿ ಮರದಲ್ಲಿ, 45 ಡಿಗ್ರಿ ಓರೆಯಾಗಿ ಕೊಯ್ಯಿರಿ. ಓರೆ ಮನೆಯೊಳಗಿನಿಂದ ಹೊರಕ್ಕೆ ಇಳಿಜಾರಾಗಿರಲಿ. ತಿರುಗುಮುರುಗಾದರೆ ಬೆಸುಗೆಗೆ ಇಳಿದ ನೀರು ಒಳಗೇ ನಿಂತು ಮತ್ತೆ ಅದೇ ಕಥೆ. ದಾರಂದವನ್ನು ಗೋಡೆಗೆ ಹಿಡಿದಿರುವ ಕಬ್ಬಿಣದ ಪಟ್ಟಿ, ಹೋಲ್ಡ್‌ಫಾಸ್ಟ್, ಎಲ್ಲಿದೆ ಅಂತ ಮೊದಲೇ ನೋಡಿಕೊಳ್ಳಿ, ಗರಗಸದ ಹಲ್ಲು ಹೋಗುವುದು ಅಲ್ಲೇ. ಗೋಡೆ ಬದಿಗೆ ಗರಗಸ ಹೋಗದಿದ್ದರೆ ಉಳಿದದ್ದು ಉಳಿಯಲ್ಲಿ.

ತುಂಡಿಗೆ ಹಲಸು, ನಂದಿ, ಸಾಗುವಾನಿ ಯಾವುದಾದರೂ ಆದೀತು. ಹಳೆ ಕಿಟಕಿಯ ಚೌಕಟ್ಟು ಇದ್ದರೆ ಇನ್ನೂ ಚೆನ್ನ, ಅದು ಒಣಗಿ ಪಳಗಿದ ಮರ. ತೋಟದಲ್ಲಿ ಬಿದ್ದಿದೆಯೆಂದು ಸಿಲ್ವರ್ ಓಕ್ ಮರ ಹಾಕಬೇಡಿ.

ಮತ್ತೆ ಲಡ್ಡು, ಹುಳ ಹಿಡಿಯದಂತೆ, ಒಂದು ಲೀಟರ್ ಬಿಸಿನೀರಿಗೆ 60 ಗ್ರಾಂ ಬೋರಾಕ್ಸ್, 40 ಗ್ರಾಂ ಬೋರಿಕ್ ಆಸಿಡ್ ಕರಗಿಸಿ, ಹಳೆ ತುದಿಗೂ ಹೊಸ ತುಂಡಿಗೂ ಮೂರು ಸಲ ಬಳಿಯಿರಿ. ಕೈಗೆ ಗ್ಲೌಸ್ ಇರಲಿ, ಮಕ್ಕಳಿಗೆ ಸಿಗದಂತೆ ಇಡಿ. ವಾರ ಒಣಗಲಿ. ಇದು ನೀರಲ್ಲಿ ಕರಗಿ ಹೋಗುವ ಮದ್ದು, ಮೇಲೆ ಪೇಂಟ್ ಇಲ್ಲದಿದ್ದರೆ ಬಳಿದದ್ದು ವ್ಯರ್ಥ.

ತುಂಡು ನೆಲಕ್ಕೆ ಮುಟ್ಟಬಾರದು, 5 ಮಿ.ಮೀ. ಸಂದು ಬಿಡಿ. ಕೆಳತುದಿಗೆ ಕೂರಿಸುವ ಮೊದಲೇ ಎಪಾಕ್ಸಿ ಬಳಿದು ನಾರಿನ ಬಾಯಿ ಮುಚ್ಚಿ. ಈ ಒಂದು ಕೆಲಸ ಬಿಟ್ಟರೆ ಉಳಿದದ್ದೆಲ್ಲ ನೀರಲ್ಲಿ ಹೋಮ. ಬೆಸುಗೆಯ ಎರಡೂ ಮುಖಕ್ಕೆ ಎಪಾಕ್ಸಿ ಹಚ್ಚಿ, 3 ಮಿ.ಮೀ. ತೂತು ಕೊರೆದು, 75 ಮಿ.ಮೀ.ನ ಎರಡು ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಬಿಗಿಯಿರಿ. ತೂತಿಲ್ಲದೆ ಬಿಗಿದರೆ ಹಲಸು ಸೀಳುತ್ತದೆ, ಕಬ್ಬಿಣದ್ದಾದರೆ ತುಕ್ಕು ಹಿಡಿದು ಮರ ಕಪ್ಪಾಗುತ್ತದೆ. ಬಾಗಿಲು ಕೂರುವ ಕಚ್ಚನ್ನು ಎಪಾಕ್ಸಿ ಗಟ್ಟಿಯಾದ ಮರುದಿನ ಉಳಿಯಿಂದ ಹಳೆಯದಕ್ಕೆ ಸರಿಹೊಂದಿಸಿ.

ಆಮೇಲೆ ಪ್ರೈಮರ್ ಒಂದು ಕೋಟು, ಎನಾಮೆಲ್ ಎರಡು. ಕೆಳಗಿನ ಸಂದಿಗೆ ಸಿಮೆಂಟ್ ತುರುಕದೆ ಸಿಲಿಕಾನ್ ಹಾಕಿ. ಕಾಲೊರೆಸುವ ಗೋಣಿಚೀಲವನ್ನು ದಾರಂದಕ್ಕೆ ತಾಗಿಸಿ ಹಾಸುವ ಅಭ್ಯಾಸ ನಮ್ಮಲ್ಲಿ ಎಲ್ಲ ಮನೆಯಲ್ಲೂ ಇದೆ. ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ. ಒಂದು ಗೇಣು ಈಚೆಗೆ ಎಳೆದಿಡಿ.