ವಿಯೆಟ್ನಾಂನವರಿಗೊಂದು ಥ್ಯಾಂಕ್ಸ್

ನಮ್ಮದು ಮೂಡಿಗೆರೆ ಕಡೆ ಎಂಟು ಎಕರೆ ರೊಬಸ್ಟಾ ಕಾಫಿ ತೋಟ. 2020ರ ಸುಮಾರಿಗೆ 50 ಕೆಜಿ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಮೂಟೆಗೆ 3,500 ರೂಪಾಯಿ ಸಿಕ್ಕರೆ ಸಾಕಪ್ಪಾ ಅನ್ನುತ್ತಿದ್ದೆವು. ಅದೇ ಮೂಟೆ 2024ರ ಏಪ್ರಿಲ್‌ನಲ್ಲಿ 10,000 ದಾಟಿತು. ನಮ್ಮ ಫಸಲು ಆಗಲೂ ಗೋಡೌನ್‌ನಲ್ಲೇ ಇತ್ತು. ಲೆಕ್ಕ ಹಾಕಿ ಇಟ್ಟದ್ದೇನಲ್ಲ. ಫೆಬ್ರವರಿಯಲ್ಲಿ ಲಾರಿ ಸಿಗಲಿಲ್ಲ, ಆಮೇಲೆ ಅಮ್ಮನಿಗೆ ಹುಷಾರಿರಲಿಲ್ಲ, ಹಾಗೇ ಉಳಿಯಿತು.

ಬ್ಯಾಂಕಿನ ಸಾಲ ತೀರಿತು. ಮನೆಗೆ ಬಣ್ಣ ಬಂತು. ನನ್ನ ನಡಿಗೆಯೂ ಸ್ವಲ್ಪ ಬದಲಾಯಿತು ಅಂತ ಹೆಂಡತಿ ಆಮೇಲೆ ಹೇಳಿದಳು.

ಆ ವರ್ಷದ ನವೆಂಬರ್‌ನಲ್ಲಿ ನಮ್ಮ ಚರ್ಚ್ ಸಭೆಯಲ್ಲಿ ಬೆಳೆ ಹಬ್ಬ. ಭತ್ತದ ತೆನೆ, ಕುಂಬಳಕಾಯಿ, ಏಲಕ್ಕಿ, ಕಾಳುಮೆಣಸು, ಕಾಲು ಕಟ್ಟಿದ ಎರಡು ಹುಂಜ, ಎಲ್ಲಾ ವೇದಿಕೆ ಮುಂದೆ. ಪ್ರಸಂಗ ಮುಗಿದ ಮೇಲೆ ಸಭಾಪಾಲಕರು ನನ್ನ ಕಡೆ ನೋಡಿ, "ದೇವರು ಈ ವರ್ಷ ನಿಮ್ಮ ಮನೆಗೆ ಮಾಡಿದ್ದನ್ನು ಎರಡು ಮಾತಲ್ಲಿ ಹೇಳಿ" ಎಂದರು. ಎರಡು ಮಾತು ಹನ್ನೊಂದು ನಿಮಿಷ ಆಯಿತು. ಗಳಿಗೆಗೊಂದು ಆಮೆನ್ ಬೀಳುತ್ತಿತ್ತು. ಕೆಳಗಿಳಿಯುವಾಗ ಎದೆ ತುಂಬಿತ್ತು, ಸ್ತೋತ್ರದಿಂದ ಅಂದುಕೊಂಡಿದ್ದೆ.

ಆರಾಧನೆ ಮುಗಿದ ಮೇಲೆ ಹೊರಗೆ ಮರದಡಿ ಕಾಣಿಕೆಗಳ ಹರಾಜು. ಒಂದು ಪುಟ್ಟಬಾಳೆ ಗೊನೆ ಬಂತು. ನಮ್ಮಲ್ಲೊಬ್ಬರು ವಯಸ್ಸಾದವರಿದ್ದಾರೆ. ಮಂಗಳೂರು ಕಡೆಯಿಂದ ಬಂದು ನಲವತ್ತು ವರ್ಷ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಎಲ್ಲರಿಗೂ ಅವರು 'ರೈಟ್ರು'. ಪ್ರತಿ ವರ್ಷ ಒಂದು ಗೊನೆಯನ್ನು ಅವರೇ ತೆಗೆದುಕೊಳ್ಳುತ್ತಾರೆ. ಇನ್ನೂರಕ್ಕೆ ಶುರು ಮಾಡಿ, ಮುನ್ನೂರಕ್ಕೆ ನಿಲ್ಲಿಸುತ್ತಾರೆ. ಯಾರೂ ಮೇಲೆ ಹೋಗುವುದಿಲ್ಲ. ನನಗೂ ಇದು ಗೊತ್ತಿತ್ತು. ಆದರೂ ಅವತ್ತು ಒಂದೇ ಸಲಕ್ಕೆ "ಐದು ಸಾವಿರ" ಅಂದೆ. ಜನ ಚಪ್ಪಾಳೆ ಹೊಡೆದರು. ರೈಟ್ರು ಎತ್ತಿದ ಕೈಯನ್ನು ಮೆಲ್ಲಗೆ ಇಳಿಸಿ, ಅಂಗಿ ಜೇಬು ಸರಿಮಾಡಿಕೊಂಡರು. ನಾನದನ್ನು ನೋಡಿದೆ. ದುಡ್ಡು ಸಭೆಗೇ ಹೋಗುತ್ತದಲ್ವಾ ಅಂತ ನನಗೆ ನಾನೇ ಹೇಳಿಕೊಂಡೆ.

ನಾನು ವೇದಿಕೆಯಲ್ಲಿ ಹೇಳಿದ ಸಾಕ್ಷಿಯನ್ನು ಮಗಳು ಮೊಬೈಲಲ್ಲಿ ರೆಕಾರ್ಡ್ ಮಾಡಿ ಬೆಂಗಳೂರಿನಲ್ಲಿರುವ ನನ್ನ ಅಣ್ಣನಿಗೆ ಕಳಿಸಿದ್ದಳು. ರಾತ್ರಿ ಊಟದ ಹೊತ್ತಿಗೆ ಅಣ್ಣನ ಮೆಸೇಜ್ ಬಂತು: "ಎಲ್ಲಾ ಚೆನ್ನಾಗಿ ಹೇಳಿದ್ದೀಯ ಮಾರಾಯ. ವಿಯೆಟ್ನಾಂನವರಿಗೊಂದು ಥ್ಯಾಂಕ್ಸ್ ಹೇಳೋದು ಮರೆತೆ."

ಸಿಟ್ಟು ಬಂತು. ಪೇಟೆಯಲ್ಲಿ ಕೂತವನಿಗೆ ತೋಟದ ಕಷ್ಟ ಏನು ಗೊತ್ತು? ಆ ಸಿಟ್ಟಿನಲ್ಲೇ ರೆಕಾರ್ಡಿಂಗ್ ಹಾಕಿ ಕೇಳಿದೆ. 'ನಾನು' ಅನ್ನುವ ಪದವನ್ನು ಎಲ್ಲೂ ಹೆಚ್ಚು ಬಳಸಿರಲಿಲ್ಲ. ಮೊದಲು ಸಮಾಧಾನವಾಯಿತು. ಎರಡನೇ ಸಲ ಕೇಳಿದಾಗ ಗೊತ್ತಾಯಿತು, ಕನ್ನಡದಲ್ಲಿ ಅದನ್ನು ಬೇರೆಯಾಗಿ ಹೇಳಬೇಕಾಗಿಲ್ಲ, ಕ್ರಿಯಾಪದದ ಬಾಲದಲ್ಲೇ ಕೂತಿರುತ್ತದೆ. ಕೆರೆ ತೋಡಿಸಿದೆ. ಜನ ನಕ್ಕರೂ ಬಿಡಲಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ತಡವಾದಾಗ ಸ್ಪ್ರಿಂಕ್ಲರ್ ಜೆಟ್ ಹಾಕಿ ನೀರು ಹೊಡೆಸಿದೆ. ಎಲ್ಲರೂ ಮಾರಿದರೂ ದರಕ್ಕಾಗಿ ಕಾದೆ. ಲಾರಿ ಸಿಗದಿದ್ದದ್ದು 'ಕಾದೆ' ಆಗಿತ್ತು! ಕೊನೆಗೆ, ರಶೀದಿಯ ಮೇಲೆ ಸೀಲು ಒತ್ತಿದ ಹಾಗೆ, "ಎಲ್ಲಾ ದೇವರ ಕೃಪೆ."

ವಿಯೆಟ್ನಾಂ ಕಥೆ ನನಗೆ ಗೊತ್ತಿಲ್ಲದ್ದೇನಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ರೊಬಸ್ಟಾ ಬೆಳೆಯುವುದು ಅವರು. ದರ ಬಿದ್ದ ವರ್ಷಗಳಲ್ಲಿ ಅಲ್ಲಿ ಎಷ್ಟೋ ಜನ ಕಾಫಿ ಕಿತ್ತು ದುರಿಯನ್ ಹಣ್ಣಿನ ಗಿಡ ಹಾಕಿದ್ದರು. 2024ರ ಬೇಸಿಗೆಯಲ್ಲಿ ಡಾಕ್ ಲಾಕ್ ಮುಂತಾದ ಕಾಫಿ ಸೀಮೆಗೆ ಬರ ಬಡಿಯಿತು. ಮಾಲು ಕಡಿಮೆ, ದರ ಮೇಲೆ. ನನ್ನ ಹಾಗೇ ಜೆಟ್ ಹಿಡಿದು ಬತ್ತಿದ ಕೆರೆಯ ದಂಡೆಯಲ್ಲಿ ನಿಂತ ರೈತ ಅಲ್ಲೂ ಇದ್ದನಲ್ಲ. ಅವನ ಕೆರೆ ಒಣಗಿದ್ದು ಯಾರ ಕೃಪೆ ಅಂತ ಹೇಳಲಿ? ಈ ಪ್ರಶ್ನೆಗೆ ನನ್ನಲ್ಲಿ ಈಗಲೂ ಉತ್ತರ ಇಲ್ಲ. ಆದರೆ ಅದನ್ನು ಕೇಳಿಕೊಂಡ ಮೇಲೆ ಆ ಹನ್ನೊಂದು ನಿಮಿಷ ಗಂಟಲಲ್ಲಿ ಸಿಕ್ಕಿಕೊಂಡಿತು.

ನಿದ್ದೆ ಬರಲಿಲ್ಲ. ಸತ್ಯವೇದ (ಬೈಬಲ್) ತೆಗೆದು ಎರಡನೇ ಪೂರ್ವಕಾಲವೃತ್ತಾಂತದ 26ನೇ ಅಧ್ಯಾಯ ಓದಿದೆ. ಉಜ್ಜೀಯ ರಾಜನ ಕಥೆ. ಹದಿನಾರು ವರ್ಷಕ್ಕೆ ಪಟ್ಟ, 52 ವರ್ಷ ಆಳ್ವಿಕೆ. ಸಂಡೇ ಸ್ಕೂಲಿನಲ್ಲಿ ಕಲಿತದ್ದು ಅವನ ಹಣೆಯ ಮೇಲೆ ಕುಷ್ಠ ಎದ್ದದ್ದು ಮಾತ್ರ. ಅವನು ಮಣ್ಣಿನ ಕೆಲಸ ಇಷ್ಟಪಡುತ್ತಿದ್ದ, ನೀರಿಗಾಗಿ ಗುಂಡಿಗಳನ್ನು ತೋಡಿಸಿದ್ದ ಅನ್ನುವುದು ಅವತ್ತೇ ಕಣ್ಣಿಗೆ ಬಿತ್ತು. ನಮ್ಮವನೇ! ದೇವರ ಸಹಾಯದಿಂದ ಬಲವಾದ, ಬಲವಾದ ಮೇಲೆ ಉಬ್ಬಿದ. ಉಬ್ಬಿ ಹೋದದ್ದಾದರೂ ಎಲ್ಲಿಗೆ? ಹೆಂಡದಂಗಡಿಗಲ್ಲ. ಧೂಪ ಹಾಕಲು ದೇವಾಲಯದೊಳಕ್ಕೆ. ಅದು ಯಾಜಕರ ಕೆಲಸ, ನಿನ್ನದಲ್ಲ ಅಂತ ಅವರು ತಡೆದರೆ ಸಿಟ್ಟಾದ. ನಾನು ಅಣ್ಣನ ಮೆಸೇಜಿಗೆ ಸಿಟ್ಟಾದ ಹಾಗೇ.

ಗರ್ವ ಅಂದರೆ ದೇವರನ್ನು ಮರೆತವರ ರೋಗ ಅಂತ ತಿಳಿದಿದ್ದೆ. ಪೀಠದ ಹತ್ತಿರವೇ ಅದಕ್ಕೆ ಜಾಸ್ತಿ ಬೆಚ್ಚಗಿನ ಜಾಗ ಇರುತ್ತದೆ. ಅಲ್ಲಿ ನಿಂತು ಏನು ಹೇಳಿದರೂ ಆಮೆನ್ ಸಿಗುತ್ತದೆ. ಈಗ ಸಾಕ್ಷಿ ಹೇಳಲು ಕರೆದರೆ ಬೇಡ ಅನ್ನುತ್ತೇನೆ. 'ಎಷ್ಟು ತಗ್ಗಿದ ಮನುಷ್ಯ' ಅಂತ ಯಾರೋ ಅಂದದ್ದು ಕಿವಿಗೆ ಬಿದ್ದು ಎರಡು ದಿನ ಖುಷಿಯಾಗಿದ್ದೆ. ಇದಕ್ಕೇನು ಮಾಡುವುದು ಹೇಳಿ.

ಗೊನೆಯ ಕಥೆ ಬಾಕಿ ಇದೆ. ಗೋಡೌನ್‌ನಲ್ಲಿ ನೇತು ಹಾಕಿದ್ದೆ. ಐದನೇ ದಿನ ಅಷ್ಟೂ ಒಟ್ಟಿಗೆ ಹಣ್ಣಾಯಿತು. ಅರ್ಧ ಕಡಿದು ಚೀಲಕ್ಕೆ ಹಾಕಿಕೊಂಡು ರೈಟ್ರ ಮನೆಗೆ ಹೋದೆ. ಅವರು ಒಂದು ಹಣ್ಣು ಸುಲಿದು, ಬಾಯಿಗಿಟ್ಟು, "ಈ ಸಲ ಸ್ವಲ್ಪ ಸಿಹಿ ಕಡಿಮೆ" ಎಂದರು.

"ಹೇಗೆ ಗೊತ್ತು ರೈಟ್ರೇ?"

"ನಮ್ಮ ಹಿತ್ತಲಿನದೇ ಅಲ್ವಾ ಮಗಾ. ಅವಳು ನೆಟ್ಟ ಬುಡ. ಅವಳು ಹೋದ ಮೇಲೆ ವರ್ಷಕ್ಕೊಂದು ಗೊನೆ ದೇವರಿಗೆ ಕೊಡೋದು, ಮತ್ತೆ ಕೊಂಡು ಮನೆಗೆ ತರೋದು."

ನನಗೆ ಮಾತು ಹೊರಡಲಿಲ್ಲ. ಕ್ಷಮಿಸಿ ಅಂತ ಏನೋ ಗೊಣಗಿದೆ. ಅವರಿಗೆ ಕೇಳಿಸಿತೋ ಇಲ್ಲವೋ. ಒಳಗಿನಿಂದ ಕಾಫಿ ತಂದು ಕೈಗೆ ಕೊಟ್ಟು ಎದುರು ಕೂತರು.

"ನಿನ್ನ ಕೆರೆಯಲ್ಲಿ ನೀರು ಉಂಟಾ?"

"ಉಂಟು ರೈಟ್ರೇ. ತುಂಬಿದೆ."